ಹುಲ್ಲಕ್ಕನ ಕೋಣೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಹುಲ್ಲಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಆಟಗಳನ್ನು ಮಾಡುವ ಆ ಸಣ್ಣ ಆಫೀಸಿಗೆ ಸೇರಿ ಮೂರು ವರ್ಷ. ಮೂರು ವರ್ಷವೂ ಅವಳು ಬಿಡಿಸಿದ್ದು ಹುಲ್ಲನ್ನು. ಅಲ್ಲಿಯ ಆಟಗಳೆಲ್ಲ ಹಳೆಯ ಕಾಲದ ಆಟಗಳ ಹಾಗೆ ಚೌಕ ಚೌಕವಾಗಿ ಕಾಣಬೇಕು. ಪಿಕ್ಸೆಲ್ ಎನ್ನುವ ಪುಟ್ಟ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿ ಚಿತ್ರ ಕಟ್ಟಬೇಕು. ಮರಗಳನ್ನು ಬಿಡಿಸಲು ಒಬ್ಬನಿದ್ದ, ಮನುಷ್ಯರನ್ನು ಬಿಡಿಸಲು ಒಬ್ಬಳಿದ್ದಳು. ಆ ಮನುಷ್ಯರ ಕಾಲಡಿಗೆ ಬೇಕಾದ ಹುಲ್ಲು, ಕಲ್ಲು, ಮಣ್ಣು ಇವಳ ಪಾಲು. ಹಸಿ ಹುಲ್ಲು, ಒಣ ಹುಲ್ಲು, ದನ ಮೇದು ಬಿಟ್ಟ ಹುಲ್ಲು, ಮಳೆ ಬಿದ್ದ ಮರುದಿನದ ಹುಲ್ಲು, ನಾಲ್ಕು ಆಟಗಳ ಹುಲ್ಲೆಲ್ಲ ಅವಳದೇ. ಆಡುವವರು ಅದರ ಮೇಲೆ ಓಡಿ ಹೋಗುತ್ತಾರೆಯೇ ಹೊರತು ಬಗ್ಗಿ ನೋಡಿದವರು ಯಾರೂ ಇಲ್ಲ.

ಐದನೆಯ ಆಟಕ್ಕೆ ಒಂದು ಕೋಣೆ ಬೇಕಾಯಿತು. ದಾರಿಹೋಕನೊಬ್ಬ ಯಾರದೋ ಖಾಲಿ ಮನೆಯಲ್ಲಿ ಮಲಗಿ ಬೆಳಿಗ್ಗೆ ಏಳುತ್ತಾನೆ. ಬಾಗಿಲಿಗೆ ಬೀಗ. ಬೀಗದ ಕೈ ನೆಲದ ಮೇಲಿನ ಚಾಪೆಯ ಅಡಿಯಲ್ಲಿದೆ. ಆಡುವವನು ಅದನ್ನು ಹುಡುಕಿ, ಬಾಗಿಲು ತೆಗೆದು ಹೊರಗೆ ಬಂದರೆ ಮುಂದಿನ ಕಥೆ. “ಯಾರು ಮಾಡ್ತೀರಿ?” ಎಂದು ಆಫೀಸಿನ ಯಜಮಾನರು ಕೇಳಿ ಬಾಯಿ ಮುಚ್ಚುವುದರೊಳಗೆ ಹುಲ್ಲಕ್ಕ, “ನಾನು ಮಾಡ್ತೀನಿ ಸರ್,” ಎಂದುಬಿಟ್ಟಿದ್ದಳು. ಯಜಮಾನರಿಗೆ ಬೆನ್ನ ಹಿಂದೆ ಮೇಷ್ಟ್ರು ಎಂದು ಹೆಸರು. ಯಾರು ಏನು ಬಿಡಿಸಿ ತಂದರೂ ಕೆಂಪು ಗೀಟು ಎಳೆಯದೆ ಕೊಟ್ಟವರಲ್ಲ.

ಕೋಣೆ ಒಂದು ಸಲ ವಾಪಸು ಬಂತು. ತಿದ್ದಿ ಕೊಟ್ಟಳು. ಶುಕ್ರವಾರ ಎರಡನೆಯ ಸಲವೂ ವಾಪಸು ಬಂತು.

“ಎಲ್ಲಾ ಇದೆ ಹುಲ್ಲಕ್ಕ,” ಎಂದರು ಮೇಷ್ಟ್ರು. “ಏನೂ ಕಾಣಿಸ್ತಿಲ್ಲ.”

“ಇರೋದು ಕಾಣಿಸದೆ ಎಲ್ಲಿಗೆ ಹೋಗುತ್ತೆ ಸರ್?”

“ಅದನ್ನೇ ನಾನೂ ಕೇಳ್ತಿರೋದು. ನಿನ್ನೆ ನಾಲ್ಕು ಜನರ ಕೈಲಿ ಆಡಿಸಿದೆ. ಒಬ್ಬ ಒಲೆಯನ್ನ ಬಾಗಿಲು ಅಂದ್ಕೊಂಡು ಅದರೊಳಗೆ ನುಗ್ಗೋಕೆ ನೋಡಿದ. ಇಬ್ಬರು ಚಾಪೆ ಮೇಲೆ ನಿಂತ್ಕೊಂಡು ಚಾಪೆ ಎಲ್ಲಿ ಅಂತ ಕೇಳಿದ್ರು. ನಾಲ್ಕನೆಯವರು ಆಟ ಮುಚ್ಚಿಟ್ಟು ಚಹಾ ಕುಡಿಯೋಕೆ ಹೋದ್ರು.”

ಹುಲ್ಲಕ್ಕ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಸೋಮವಾರ ಹತ್ತು ಗಂಟೆಗೆ ನೋಡ್ತೀನಿ. ಆಗಲೂ ಹೀಗೇ ಇದ್ರೆ ಕೋಣೆನೇ ತೆಗೆದುಬಿಡೋಣ. ಆಟ ಬಯಲಲ್ಲಿ ಶುರುವಾಗಲಿ. ಬಯಲಿಗೆ ಹೇಗೂ ನಿಮ್ಮ ಹುಲ್ಲಿದೆಯಲ್ಲ.”

ಅವರು ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಆದರೆ ಆ ಕೊನೆಯ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವಳು ಮನೆ ಬರುವವರೆಗೂ ಒಂದೇ ಲೆಕ್ಕ ಹಾಕಿದಳು: ಶನಿವಾರ, ಭಾನುವಾರ, ಎರಡು ಹಗಲು. ಕೋಣೆ ಉಳಿದರೆ ತಾನು ಕೋಣೆ ಬಿಡಿಸಿದವಳು. ಹೋದರೆ ಮತ್ತೆ ಹುಲ್ಲೇ ಗತಿ.

ಮನೆಯೆಂದರೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ. ಗಂಡ ದೂರದೂರಿನ ಬಸ್ಸು ಓಡಿಸುವವನು. ಈ ವಾರ ಅವನ ಪಾಳಿ ಮುಗಿಯುವುದು ಬುಧವಾರ. ಮನೆಯಲ್ಲಿ ಇವಳು, ಅತ್ತೆ, ಅಷ್ಟೇ. ಅತ್ತೆ ಹಳ್ಳಿಯ ಕೆರೆಯ ಪಕ್ಕದಲ್ಲಿ ನಲವತ್ತು ವರ್ಷ ಚಾಪೆ ನೇಯ್ದವಳು. ಮೊಣಕಾಲುದ್ದದ ನೀರಿನಲ್ಲಿ ನಿಂತು ಜೊಂಡು ಹುಲ್ಲು ಕೊಯ್ದು, ಸೀಳಿ, ಒಣಗಿಸಿ, ಬಣ್ಣ ಹಾಕಿ, ಎಳೆ ಎಣಿಸಿ ಹೂವು ಕೂರಿಸಿದ ಕೈ. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಂದಿನ ತಿಂಗಳು ಆಪರೇಷನ್. ಅಲ್ಲಿಯವರೆಗೆ ಲೋಕವೆಲ್ಲ ಅವಳಿಗೆ ಮಂಜಿನಲ್ಲಿ ಮಿಂದೆದ್ದ ಹಾಗೆ ಕಾಣುತ್ತಿತ್ತು. ಕಣ್ಣು ಮಬ್ಬಾಗಿತ್ತು ಅಷ್ಟೇ, ನಾಲಿಗೆಗೆ ಪೊರೆ ಬಂದಿರಲಿಲ್ಲ.

ಶನಿವಾರವಿಡೀ ಹುಲ್ಲಕ್ಕ ಕೂತಲ್ಲಿಂದ ಏಳಲಿಲ್ಲ. ಚಿತ್ರವನ್ನು ಎಂಟು ಪಟ್ಟು ದೊಡ್ಡದು ಮಾಡಿಕೊಂಡು, ಒಂದೊಂದು ಚೌಕವೂ ಉಗುರಿನಷ್ಟಾಗುವಂತೆ ಹಿಗ್ಗಿಸಿಕೊಂಡು ತಿದ್ದಿದಳು. ಕಾಣಿಸುತ್ತಿಲ್ಲ ಎಂದರಲ್ಲವೇ, ಕಾಣಿಸುವ ಹಾಗೆ ಮಾಡುತ್ತೇನೆ ಎಂದು ಬಾಗಿಲಿಗೆ ಮರದ ಗೆರೆ ಎಳೆದಳು. ಪೆಟ್ಟಿಗೆಗೆ ಆರು ಮೊಳೆ ಹೊಡೆದಳು. ಗೋಡೆಯ ಗಾರೆಗೆ ಬಿರುಕು ಕೊಟ್ಟಳು; ಆ ಬಿರುಕು ಒಂದಕ್ಕೇ ಮಧ್ಯಾಹ್ನವೆಲ್ಲ ಹೋಯಿತು. ಸಂಜೆಗೆ ಕತ್ತು ನೆಟ್ಟಗೆ ನಿಲ್ಲದಾಯಿತು. ಆದರೂ ಮನಸ್ಸಿಗೆ ಹಿತವಿತ್ತು. ಇಷ್ಟು ಮಾಡಿದ ಮೇಲೆ ಕಾಣದೆ ಎಲ್ಲಿಗೆ ಹೋದೀತು?

ಭಾನುವಾರ ಬೆಳಿಗ್ಗೆ ಅತ್ತೆ ಅವರೆಕಾಯಿಯ ಬುಟ್ಟಿ ಹಿಡಿದು ಹೊಸಿಲಲ್ಲಿ ಕೂತಳು. ಹುಲ್ಲಕ್ಕ ಪರದೆಯನ್ನು ಅವಳ ಕಡೆ ತಿರುಗಿಸಿದಳು.

“ನೋಡಿ ಅತ್ತೆ, ಹೇಗಿದೆ?”

ಅತ್ತೆ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ನೋಡಿದಳು. “ಏನದು? ಕೆಸರು ಗದ್ದೆಯಾ?”

“ಕೋಣೆ ಅತ್ತೆ.”

“ಹೌದಾ. ಎಡಕ್ಕೆ ಬೆಳ್ಳಗೆ ಏನೋ ಇದೆ. ಕಿಟಕಿನಾ?”

“ಕಿಟಕಿನೇ. ಮತ್ತೆ?”

“ಮತ್ತೆ ಕೆಸರು.”

ಹುಲ್ಲಕ್ಕನಿಗೆ ರೇಗಿತು. ಲ್ಯಾಪ್‌ಟಾಪು ಎತ್ತಿಕೊಂಡು ಹೋಗಿ ಅತ್ತೆಯ ಮೂಗಿನ ಹತ್ತಿರ ಹಿಡಿದು, ಚಿತ್ರವನ್ನು ಹಿಗ್ಗಿಸಿ ತೋರಿಸಿದಳು. “ಇದು ಮೊಳೆ. ಇದು ಇನ್ನೊಂದು ಮೊಳೆ. ಇದು ಗೋಡೆ ಬಿರುಕು ಬಿಟ್ಟಿರೋದು. ಕಾಣಿಸ್ತಿದೆಯಾ?”

“ಮೊಳೆ ಕಾಣಿಸ್ತಿದೆ ಕಣೆ. ಬಾಗಿಲೆಲ್ಲಿ?”

“ಮೊಳೆ ಪಕ್ಕದಲ್ಲಿ.”

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ,” ಎಂದು ಅತ್ತೆ ಒಂದು ಕಾಯಿ ಸುಲಿದಳು. “ನೀನು ತೊಡೆ ಮೇಲೆ ಇಟ್ಕೊಂಡು ಬಿಡಿಸಿದೀಯ. ಜನ ತೊಡೆ ಮೇಲೆ ಇಟ್ಕೊಂಡು ನೋಡ್ತಾರಾ?”

ಹುಲ್ಲಕ್ಕ ಲ್ಯಾಪ್‌ಟಾಪನ್ನು ಕೆಳಗಿಳಿಸಿ ಕೂತಳು.

“ನಾವು ಚಾಪೆ ನೇಯುವಾಗ ಕಣ್ಣು ಎಳೆ ಮೇಲೇ ಇರುತ್ತೆ,” ಅತ್ತೆ ನಿಧಾನಕ್ಕೆ ಹೇಳತೊಡಗಿದಳು. “ಹತ್ತಿರದಿಂದ ಎಲ್ಲಾ ಹೂವೂ ಚೆಂದ. ಹಾಗಂತ ನಂಬಿದ್ರೆ ಕೆಟ್ವಿ. ದಿನಕ್ಕೆರಡು ಸಲ ಚಾಪೆನ ನೆಲಕ್ಕೆ ಎಸೆದು ಹೊಸಿಲಿಗೆ ಹೋಗಿ ನಿಲ್ಲಬೇಕು. ಅಲ್ಲಿಂದ ಕಂಡಿದ್ದು ಹೂವು. ಕಾಣದೆ ಇದ್ದದ್ದು ಬರೀ ನಮ್ಮ ಬೆನ್ನುನೋವು. ನಮ್ಮತ್ತೆ ಹೊಸಿಲಿಂದ ನೋಡಿ ಕಾಣಲಿಲ್ಲ ಅಂದ್ರೆ ಒಂದು ಮೊಳ ಬಿಚ್ಚಿಸೋಳು. ಅತ್ತರೂ ಬಿಡ್ತಿರಲಿಲ್ಲ.”

“ನೀವು ಅಳ್ತಿದ್ರಾ?”

“ಅವಳೆದುರಿಗೆ ಅಳ್ತೀನಾ? ಜೊಂಡು ಕೊಯ್ಯೋಕೆ ಹೋದಾಗ ಕೆರೆ ನೀರಲ್ಲಿ ನಿಂತು ಅಳ್ತಿದ್ದೆ. ನೀರಿಗೆ ನೀರು, ಯಾರಿಗೆ ಗೊತ್ತಾಗುತ್ತೆ?”

ಹುಲ್ಲಕ್ಕ ಎದ್ದಳು. ಒಳಗಿನ ಗೋಡೆಗೆ ಸ್ಟೂಲು ಒತ್ತರಿಸಿ, ಅದರ ಮೇಲೆ ಲ್ಯಾಪ್‌ಟಾಪು ಇಟ್ಟು, ಚಿತ್ರವನ್ನು ಅದರ ನಿಜವಾದ ಅಳತೆಗೆ ಇಳಿಸಿದಳು. ಹೊಸಿಲಿಗೆ ಬಂದು ಅತ್ತೆಯ ಪಕ್ಕದಲ್ಲಿ ನಿಂತು, ಅತ್ತೆಯ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದಳು.

ಕೆಸರು. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಹದಿನಾರು ಬಣ್ಣಕ್ಕಿಂತ ಹೆಚ್ಚು ಬಳಸಬಾರದು ಎನ್ನುವುದು ಆಟದ ಕಟ್ಟಳೆ. ಆ ಹದಿನಾರರಲ್ಲಿ ಹತ್ತನ್ನು ಅವಳು ಕಂದು ಬಣ್ಣಕ್ಕೇ ಸುರಿದಿದ್ದಳು. ಕಂದು ಗೋಡೆಗೆ ಕಂದು ಬಾಗಿಲು, ಕಂದು ನೆಲದ ಮೇಲೆ ಕಂದು ಚಾಪೆ. ಎಂಟು ಪಟ್ಟು ಹಿಗ್ಗಿಸಿದಾಗ ಹತ್ತೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಇಲ್ಲಿಂದ ಎಲ್ಲವೂ ಒಂದೇ ಹಂಡೆಯ ತಳ.

“ಬಿಚ್ಚಬೇಕು,” ಎಂದಳು.

“ಎಷ್ಟು?”

“ಪೂರಾ.”

ಅತ್ತೆ ಬುಟ್ಟಿಯನ್ನು ಸರಿಮಾಡಿಕೊಂಡು ಕೂತಳು. “ಬಿಚ್ಚು. ನಾನೆಲ್ಲೂ ಹೋಗಲ್ಲ. ಇನ್ನೂ ಅರ್ಧ ಬುಟ್ಟಿ ಇದೆ.”

ಮೊದಲು ಬಿರುಕನ್ನು ಅಳಿಸಿದಳು. ಒಂದು ಮಧ್ಯಾಹ್ನದ ಕೆಲಸ, ಎರಡು ಸಲ ಬೆರಳು ಒತ್ತುವುದರಲ್ಲಿ ಹೋಯಿತು. ಮೊಳೆ ಹೋದವು, ಮರದ ಗೆರೆ ಹೋಯಿತು. ಆರು ಕಂದು ಬಣ್ಣ ಕಿತ್ತು ಹಾಕಿದಳು. ಗೋಡೆಯನ್ನು ತಣ್ಣನೆಯ ಬೂದಿ ನೀಲಿಗೆ ತಿರುಗಿಸಿ, ಬಾಗಿಲನ್ನು ಮಾತ್ರ ಬೆಚ್ಚಗಿನ ಮರದ ಬಣ್ಣದಲ್ಲಿ ಉಳಿಸಿದಳು.

“ಈಗ?”

“ಬಲಗಡೆ ಒಬ್ಬ ಎತ್ತರದವನು ನಿಂತಿದಾನೆ.”

“ಬಾಗಿಲು ಅತ್ತೆ ಅದು.”

“ಬಾಗಿಲಿಗೆ ನಡು ಎಲ್ಲಿರುತ್ತೆ? ಇವನಿಗೆ ನಡು ಇದೆ.”

ಚಿಲಕದ ಹತ್ತಿರ ಅವಳು ಎಳೆದಿದ್ದ ಅಡ್ಡಪಟ್ಟಿ ಸೊಂಟಪಟ್ಟಿಯ ಹಾಗೆ ಕಾಣುತ್ತಿತ್ತು. ಅದನ್ನೂ ತೆಗೆದಳು. ಹಾಗೆಯೇ ಒಂದೊಂದಾಗಿ ಒಲೆ, ಮಂಚ, ಮಡಕೆ ಇಟ್ಟ ಹಲಗೆ. ಪ್ರತಿ ಸಲವೂ ತಿದ್ದುವುದು, ಹೊಸಿಲಿಗೆ ಬರುವುದು, ಕಣ್ಣು ಕಿರಿದು ಮಾಡುವುದು, ಅತ್ತೆಯನ್ನು ಕೇಳುವುದು. ನೆಲದ ಮೇಲೆ ಸ್ಟೂಲಿನಿಂದ ಹೊಸಿಲಿಗೆ ದಾರಿಯೇ ಸವೆದಂತಾಯಿತು. ನೆರಳುಗಳೂ ಸರಿಯಿಲ್ಲ ಎಂದು ಹಾಗೆ ಓಡಾಡುವಾಗಲೇ ಹೊಳೆಯಿತು. ಕಿಟಕಿ ಇರುವುದು ಎಡಕ್ಕೆ. ಮಂಚದ ನೆರಳು ಬಲಕ್ಕೆ ಬಿದ್ದಿದೆ, ಪೆಟ್ಟಿಗೆಯ ನೆರಳು ಎಡಕ್ಕೆ. ಒಂದೇ ಮನೆಗೆ ಎರಡು ಸೂರ್ಯ. ಎಲ್ಲ ನೆರಳನ್ನೂ ಬಲಕ್ಕೆ ತಿರುಗಿಸಿ, ಕಿಟಕಿಯಿಂದ ಒಂದು ಓರೆ ಬೆಳಕನ್ನು ನೆಲಕ್ಕೆ ಇಳಿಬಿಟ್ಟಳು. ಬೆಳಕು ನೇರವಾಗಿ ಚಾಪೆಯ ಅಂಚಿಗೆ ಬಂದು ನಿಂತಿತು.

ಚಾಪೆಯ ಹತ್ತಿರ ಬಂದಾಗ ಅತ್ತೆ ಬುಟ್ಟಿ ಕೆಳಗಿಟ್ಟು ತಾನೇ ಎದ್ದು ಬಂದಳು. ಪರದೆಗೆ ಮುಖ ಹತ್ತಿಸಿದಳು.

“ಇದಕ್ಕೆ ಎಷ್ಟು ಎಳೆ?”

“ಎಳೆ ಅಲ್ಲ, ಚೌಕ. ಅಗಲಕ್ಕೆ ಹದಿನಾರು.”

“ಅದಕ್ಕೇ ನಿನ್ನ ಹೂವು ಕುಂಟ್ತಾ ಇದೆ. ಸಮ ಎಳೆಗೆ ನಡು ಎಲ್ಲಿಂದ ಬರುತ್ತೆ? ಈ ಕಡೆ ಎಂಟು, ಆ ಕಡೆ ಎಂಟು. ಹೂವಿನ ಕಣ್ಣು ಎಲ್ಲಿ ಕೂರುತ್ತೆ? ಬೆಸ ಹಾಕು.”

ಹುಲ್ಲಕ್ಕ ಎಣಿಸಿ ನೋಡಿದಳು. ಹೂವಿನ ನಡು ಎರಡು ಚೌಕದ ಮೇಲೆ ಹರಡಿ ಒಂದು ಕಡೆಗೆ ವಾಲಿತ್ತು. ಮೂರು ವಾರದಿಂದ ಆ ಚಾಪೆ ಏಕೋ ಸರಿಯಿಲ್ಲ ಎನಿಸುತ್ತಿದ್ದದ್ದು, ಬಣ್ಣ ಬದಲಿಸಿ ಬದಲಿಸಿ ಸೋತದ್ದು, ಎಲ್ಲ ಒಂದು ಚೌಕದ ಸಲುವಾಗಿ. ಅಗಲವನ್ನು ಹದಿನೈದು ಮಾಡಿದಳು. ಹೂವು ನೆಟ್ಟಗೆ ಕೂತಿತು.

“ಇನ್ನು ಇದೇ ತರ ನಾಲ್ಕು ಹಾಕ್ತೀನಿ, ಮೂಲೆಗೊಂದು.”

“ಹಾಕಿ ಕೆಡಿಸು. ಹೂವಿನ ಸುತ್ತ ಹೂವಿನಷ್ಟೇ ಬಯಲು ಬಿಡಬೇಕು. ಇಲ್ಲದಿದ್ರೆ ಅದು ಹೂವಲ್ಲ, ಸಂತೆ.”

ಹುಲ್ಲಕ್ಕ ಒಂದೇ ಹೂವು ಬಿಟ್ಟಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅತ್ತೆಯ ಉತ್ತರಗಳು ಸರಾಗವಾಗಿ ಬರತೊಡಗಿದವು. ಬಾಗಿಲು ಅಲ್ಲಿ, ಒಲೆ ಇಲ್ಲಿ, ಚಾಪೆಯಂತೂ ಕಣ್ಣು ಕುಕ್ಕುತ್ತಿದೆ. ಉಳಿದದ್ದು ಪೆಟ್ಟಿಗೆ ಒಂದೇ. ಅದರ ಜಾಗ ಹಿಡಿಸದೆ ಹುಲ್ಲಕ್ಕ ಅದನ್ನು ಪೂರಾ ಅಳಿಸಿ, ಬೇರೆಡೆ ಕೂರಿಸುವ ಮೊದಲು ನೀರು ಕುಡಿಯಲು ಎದ್ದಳು. ಹೋಗುತ್ತ ಹೋಗುತ್ತ ರೂಢಿಯ ಮೇಲೆ ಕೇಳಿದಳು: “ಪೆಟ್ಟಿಗೆ ಕಾಣಿಸ್ತಿದೆಯಾ ಅತ್ತೆ?”

“ಕಾಣದೆ ಏನು? ಮಂಚದ ಪಕ್ಕದಲ್ಲಿ, ಸ್ಪಷ್ಟವಾಗಿ ಇದೆಯಲ್ಲ.”

ಹುಲ್ಲಕ್ಕ ಲೋಟ ಹಿಡಿದು ನಿಂತಲ್ಲೇ ನಿಂತಳು. “ಅಲ್ಲಿ ಪೆಟ್ಟಿಗೆ ಇಲ್ಲ ಅತ್ತೆ. ಈಗ ತಾನೇ ಅಳಿಸಿದೆ.”

ಅತ್ತೆ ಅವರೆಕಾಳುಗಳಲ್ಲಿ ಕೈಯಾಡಿಸಿದಳು. “ಬೆಳಿಗ್ಗೆಯಿಂದ ಒದ್ದಾಡ್ತಿದೀಯ. ಊಟ ಕೂಡ ನಿಂತ್ಕೊಂಡೇ ಮಾಡಿದೆ. ಪಾಪ ಅನ್ನಿಸ್ತು.”

“ಪಾಪ ಅನ್ನಬೇಡಿ. ನಿಮ್ಮತ್ತೆ ನಿಮಗೆ ಅಂದಿದ್ರಾ?”

“ಅವಳಾ? ಅವಳ ಬಾಯಲ್ಲಿ ಆ ಮಾತೇ ಇರಲಿಲ್ಲ.” ಆಮೇಲೆ ಅತ್ತೆ ತಗ್ಗಿದ ದನಿಯಲ್ಲಿ ಸೇರಿಸಿದಳು, “ಬರೀ ಪಾಪ ಅಂತಲೂ ಅಲ್ಲ ಕಣೆ. ನಿನ್ನ ಕೋಣೆ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಇನ್ನು ನಾನು ಕಣ್ಣಲ್ಲಿ ನೋಡ್ತಿಲ್ಲ, ತಲೆಯಲ್ಲಿ ನೋಡ್ತಿದೀನಿ. ಇನ್ಮೇಲೆ ನನ್ನ ಮಾತು ನಂಬಬೇಡ.”

ಹುಲ್ಲಕ್ಕ ತಿರುಗಿ ಪರದೆಯ ಕಡೆ ನೋಡಿದಳು. ಹಾಗಾದರೆ ಇವತ್ತು ಸರಿಹೋಯಿತು ಎಂದುಕೊಂಡದ್ದರಲ್ಲಿ ಎಷ್ಟು ನಿಜವಾಗಿ ಸರಿಹೋದದ್ದು? ಕೇಳಲು ಬೇರೆ ಯಾರಿದ್ದಾರೆ? ಕೆಳಗಿನ ಸೈಕಲ್ ಅಂಗಡಿಗೆ ಭಾನುವಾರ ರಜೆ. ತನ್ನ ಕಣ್ಣನ್ನಂತೂ ಮೊದಲೇ ನಂಬುವ ಹಾಗಿರಲಿಲ್ಲ. ಆದರೆ ಕೂತು ಕೊರಗುವುದಕ್ಕೆ ಹೊತ್ತಿರಲಿಲ್ಲ. ಲೋಟ ಇಟ್ಟು ಹೋಗಿ ಪೆಟ್ಟಿಗೆಯನ್ನು ಕಿಟಕಿಯ ಕೆಳಗೆ ಕೂರಿಸಿದಳು. ಕತ್ತಲಾಗುವ ಮೊದಲು ಕೆಲಸ ಮುಗಿಸಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

ಸೋಮವಾರ ಹತ್ತು ಗಂಟೆಗೆ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಕೆಂಪು ಗೀಟಿನ ಪೆನ್ನು ಕೈಯಲ್ಲೇ ಇತ್ತು.

“ತೋರಿಸಿ.”

“ನೀವು ನೋಡಬೇಡಿ ಸರ್.”

“ನಾನು ನೋಡದೆ ಯಾರು ನೋಡಬೇಕು?”

“ನಿಮಗೂ ಈ ಕೋಣೆ ಬಾಯಿಪಾಠ. ಎಲ್ಲಿ ಏನಿದೆ ಅಂತ ನಿಮ್ಮ ತಲೆಗೆ ಗೊತ್ತು. ಇದನ್ನ ಒಂದು ಸಲವೂ ನೋಡದೆ ಇರೋರನ್ನ ಕರೀರಿ. ಅವರು ಹೊರಗೆ ಬಂದ್ರೆ ಕೋಣೆ ಇರಲಿ. ಬರದಿದ್ರೆ ನಾನೇ ತೆಗೀತೀನಿ.”

ಮೇಷ್ಟ್ರು ಹುಬ್ಬೇರಿಸಿದರು. ಹುಲ್ಲಕ್ಕ ಇಷ್ಟು ಉದ್ದ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. ಕಿಟಕಿಯಿಂದ ಬಗ್ಗಿ ಗೇಟಿನ ವಾಚ್‌ಮನ್‌ನನ್ನು ಕೂಗಿದರು.

ವಾಚ್‌ಮನ್ ಅರವತ್ತರ ಹತ್ತಿರದವನು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಯಾವ ಗುಂಡಿ ಒತ್ತಿದರೆ ಎತ್ತ ನಡೆಯುತ್ತದೆ ಎಂದು ಎರಡು ಸಲ ಕೇಳಿಸಿಕೊಂಡ.

“ಇದು ಮುರಿದ್ರೆ ನನ್ನ ತಲೆಗೆ ಕಟ್ಟಬೇಡಿ ಮತ್ತೆ,” ಎಂದ.

“ಮುರಿಯಲ್ಲ. ಬಾಗಿಲು ತೆಗೆದು ಹೊರಗೆ ಬನ್ನಿ, ಅಷ್ಟೇ,” ಎಂದರು ಮೇಷ್ಟ್ರು.

ಪುಟ್ಟ ದಾರಿಹೋಕ ಮಂಚದಿಂದ ಎದ್ದ. ವಾಚ್‌ಮನ್ ಅವನನ್ನು ಗೋಡೆಗೆ ಡಿಕ್ಕಿ ಹೊಡೆಸಿದ, ಮತ್ತೆ ಮಂಚಕ್ಕೆ ಡಿಕ್ಕಿ ಹೊಡೆಸಿದ. ಆಮೇಲೆ ಕೈ ಕುದುರಿತು. ಯಾರನ್ನೂ ಕೇಳದೆ ನೇರವಾಗಿ ಬಲಕ್ಕೆ ನಡೆಸಿ ಬಾಗಿಲ ಮುಂದೆ ನಿಲ್ಲಿಸಿದ. ಬಾಗಿಲಿಗೆ ಬೀಗ.

“ಬಾಗಿಲು ಅಂತ ಹೇಗೆ ಗೊತ್ತಾಯ್ತು?” ಹುಲ್ಲಕ್ಕ ಕೇಳಿಯೇಬಿಟ್ಟಳು.

“ಬಾಗಿಲು ಕಾಯೋ ಕೆಲಸ ನಂದು ತಾಯಿ. ನನಗೆ ಬಾಗಿಲು ಗೊತ್ತಾಗಲ್ವಾ?”

ಅವನು ಪೆಟ್ಟಿಗೆಯ ಹತ್ತಿರ ಹೋದ. ಅದು ತೆರೆಯಲಿಲ್ಲ. ಒಲೆಯ ಹತ್ತಿರ ಹೋದ, ಮಡಕೆಗಳ ಹತ್ತಿರ ಹೋದ. ಬರಿಗೈ. ಕೋಣೆಯ ನಡುವೆ ಬಂದು ದಾರಿಹೋಕನನ್ನು ಸುಮ್ಮನೆ ನಿಲ್ಲಿಸಿದ. ಗೋಡೆಯ ಗಡಿಯಾರದ ಮುಳ್ಳು ಸರಿಯುತ್ತಿತ್ತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಹುಲ್ಲಕ್ಕ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನೆಲ ನೋಡಿ, ನೆಲ ನೋಡಿ ಎನ್ನುವ ಮಾತು ಹಲ್ಲಿನವರೆಗೆ ಬಂದಿತ್ತು, ನುಂಗಿದಳು.

“ಬೆಳಕು ಅಷ್ಟು ಚೆನ್ನಾಗಿ ಬಿದ್ದಿದೆ,” ವಾಚ್‌ಮನ್ ತನ್ನಷ್ಟಕ್ಕೆ ಹೇಳಿಕೊಂಡ. “ಅಲ್ಲಿ ಒಳ್ಳೇ ಚಾಪೆನೂ ಹಾಸಿದಾರೆ. ಕೂರೋಣ ಸ್ವಲ್ಪ.”

ದಾರಿಹೋಕನನ್ನು ಚಾಪೆಗೆ ಹತ್ತಿಸಿ, ಕೂರಿಸಲೆಂದು ಅವನು ಒತ್ತಿದ ಗುಂಡಿಗೆ ಚಾಪೆಯ ಅಂಚು ಮೇಲೆದ್ದಿತು. ಅಡಿಯಲ್ಲಿ ಹಳದಿ ಬೀಗದ ಕೈ ಹೊಳೆಯಿತು.

“ಓಹೋ,” ಎಂದು ವಾಚ್‌ಮನ್ ನಕ್ಕ. ಬಾಗಿಲು ತೆಗೆದು ದಾರಿಹೋಕನನ್ನು ಹೊರಗೆ ಕಳಿಸಿ, ಟೋಪಿ ತಲೆಗೆ ಹಾಕಿಕೊಂಡು ತಾನೂ ಹೊರಗೆ ಹೋದ.

ಮೇಷ್ಟ್ರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡು, ಗೋಡೆಗೆ ತಾಗುವಷ್ಟು ದೂರ ಹೋಗಿ, ಅಲ್ಲಿಂದಲೂ ನೋಡಿದರು.

“ಒಲೆಯ ಕೆಂಡ ಸ್ವಲ್ಪ ಜಾಸ್ತಿ ಕೆಂಪಾಯ್ತು,” ಎಂದರು. “ಅದೊಂದು ಇಳಿಸಿ. ಕೋಣೆ ಇರಲಿ.”

“ಸರಿ ಸರ್.”

“ಮುಂದಿನ ಮನೆಗೆ ಎರಡು ಕೋಣೆ ಬರುತ್ತೆ. ಅದನ್ನೂ ನೀವೇ ನೋಡ್ಕೊಳ್ಳಿ.” ಪೆನ್ನಿನ ಮುಚ್ಚಳ ಹಾಕುತ್ತ ಸೇರಿಸಿದರು, “ಹುಲ್ಲಿಗೆ ಯಾರನ್ನಾದರೂ ನೋಡಬೇಕು ಇನ್ನು.”

ಸಂಜೆ ಮನೆಗೆ ಬಂದು ಹುಲ್ಲಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅತ್ತೆ ಹೂಂಗುಟ್ಟುತ್ತ ಕೇಳಿದಳು. ಹುಲ್ಲಿಗೆ ಬೇರೆಯವರು ಬರುತ್ತಾರಂತೆ ಎಂದಾಗ ಮಾತ್ರ ನಡುವೆ ಬಾಯಿ ಹಾಕಿದಳು: “ಹುಲ್ಲಿನ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡ. ನಲವತ್ತು ವರ್ಷ ಈ ಮನೆ ಉಂಡಿದ್ದು ಅದನ್ನೇ.” ಹುಲ್ಲಕ್ಕ ನಾಲಿಗೆ ಕಚ್ಚಿಕೊಂಡಳು.

ಎಲ್ಲ ಕೇಳಿ ಮುಗಿದ ಮೇಲೆ ಅತ್ತೆ ವಿಚಾರಿಸಿದಳು. “ಅವನು, ಆ ನಿಮ್ಮ ದಾರಿಹೋಕ, ಚಾಪೆ ಮೇಲೆ ಹತ್ತಿದನಾ?”

“ಹತ್ತಿದ.”

“ಮೆಟ್ಟು ಹಾಕ್ಕೊಂಡೇ?”

ದಾರಿಹೋಕನ ಕಾಲ ತುದಿಗೆ ಎರಡು ಕಪ್ಪು ಚೌಕ ಇರುವುದು ಹುಲ್ಲಕ್ಕನಿಗೆ ಗೊತ್ತಿತ್ತು. ಅವನು ಮಂಚದಿಂದ ಏಳುವಾಗಲೂ ಅವು ಹಾಗೇ ಇರುತ್ತವೆ. ಮೆಟ್ಟು ಹಾಕಿಕೊಂಡೇ ಮಲಗಿದ್ದಾನೆ ಪುಣ್ಯಾತ್ಮ. ಆಫೀಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮರುದಿನ ಕೆಂಡದ ಕೆಂಪು ಇಳಿಸಿದ ಮೇಲೆ ಅವಳು ಮನುಷ್ಯರನ್ನು ಬಿಡಿಸುವವಳ ಮೇಜಿಗೆ ಹೋಗಿ ಕೇಳಿಕೊಂಡಳು. ಕೋಣೆಯೊಳಗಿರುವಷ್ಟು ಹೊತ್ತು ದಾರಿಹೋಕನ ಕಾಲಿನ ಎರಡು ಚೌಕ ಮೈಬಣ್ಣಕ್ಕೆ ತಿರುಗಿದವು. ತೆಗೆದ ಎರಡು ಕಪ್ಪು ಚೌಕಗಳನ್ನು ಹುಲ್ಲಕ್ಕ ಬಾಗಿಲ ಬುಡದಲ್ಲಿ ಪಕ್ಕಪಕ್ಕ ಇಟ್ಟಳು. ದೂರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಬಾಗಿಲು ನಿನ್ನೆಗಿಂತಲೂ ಬಾಗಿಲಾಗಿತ್ತು.

ಸಂಜೆ ಲ್ಯಾಪ್‌ಟಾಪು ಮತ್ತೆ ಸ್ಟೂಲಿನ ಮೇಲೆ, ಅತ್ತೆ ಮತ್ತೆ ಹೊಸಿಲಲ್ಲಿ.

“ಬಾಗಿಲ ಹತ್ತಿರ ಅದೇನು, ಹೊಸದು, ಕಪ್ಪಗೆ?”

“ಮೆಟ್ಟು ಅತ್ತೆ. ಬಿಟ್ಟಿದಾನೆ.”

ಅತ್ತೆ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. “ಒಂದು ಇನ್ನೊಂದಕ್ಕಿಂತ ದೊಡ್ಡದಾಗಿದೆ.”

“ಎರಡೂ ಒಂದೊಂದೇ ಚೌಕ.”

“ನನಗೆ ಕಂಡಿದ್ದು ಹೇಳಿದೆ.”

ಹುಲ್ಲಕ್ಕ ಹೊಸಿಲಿಗೆ ಬಂದು ಅತ್ತೆಯ ಪಕ್ಕದಲ್ಲಿ ನಿಂತು, ಕಣ್ಣು ಕಿರಿದು ಮಾಡಿದಳು. ಬಲಗಡೆಯ ಮೆಟ್ಟಿಗೆ ಬಾಗಿಲಿನ ನೆರಳು ಅಂಟಿಕೊಂಡು ಅದು ನಿಜಕ್ಕೂ ಉಬ್ಬಿದ ಹಾಗೆ ಕಾಣುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಸ್ಟೂಲಿನ ಕಡೆಗೆ ನಡೆದಳು.